ಜೂನಿ ಮಸೀದಿಯ ಸೆರೆಯಾಳು

ನಮ್ಮ ಜೇವರ್ಗಿ ಕಡೆಯಿಂದ ಮುಂಬಯಿಗೆ ದುಡಿಯಲು ಹೋಗುವವರು ಕಟ್ಟಿಸಂಗಾವಿಯ ಹತ್ತಿರ ಭೀಮಾ ನದಿ ದಾಟಿ, ಕಲಬುರಗಿಗೆ ಬಂದು ರೈಲು ಹತ್ತುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಆದರೆ ಸೊಲ್ಲಾಪುರ, ಪುಣೆ ದಾಟಿ ಕೊನೆಗೆ ಮುಂಬಯಿಯ ದೊಡ್ಡ ನಿಲ್ದಾಣಕ್ಕೆ ಮುಟ್ಟುತ್ತದೆ. ಅದಕ್ಕೂ ಮೊದಲು ಒಂದು ಸಣ್ಣ ನಿಲ್ದಾಣ ಕಿಟಕಿಯಲ್ಲಿ ಸರಿದುಹೋಗುತ್ತದೆ. ಎಕ್ಸ್‌ಪ್ರೆಸ್ ಗಾಡಿ ಅಲ್ಲಿ ನಿಲ್ಲುವುದಿಲ್ಲ, ಲೋಕಲ್ ಮಾತ್ರ. ಫಲಕದಲ್ಲಿ ಒಂದೇ ಪದ: ಮಸ್ಜಿದ್.

ನಮ್ಮ ಕಾಕಾ ಹನ್ನೊಂದು ವರ್ಷ ಆ ನಿಲ್ದಾಣದ ಸುತ್ತಲಿನ ಸಗಟು ಪೇಟೆಯಲ್ಲಿ ಹಮಾಲಿ ಮಾಡಿದವರು. ಮೆಣಸಿನಕಾಯಿ, ಧನಿಯಾ, ಒಣ ಖರ್ಜೂರದ ಚೀಲ ಹೊತ್ತವರು. ಆ ಹೆಸರು ಹೇಗೆ ಬಂತೆಂದು ಸಣ್ಣವನಿದ್ದಾಗ ಕೇಳಿದ್ದೆ. "ಅಲ್ಲೆ ಒಂದು ಮಸೂತಿ ಇರಬೇಕಲ್ಲೋ ತಮ್ಮಾ, ಅದಕ್ಕೇ ಇಟ್ಟಾರ" ಎಂದಿದ್ದರು. ಕೇಳಿದ ಪ್ರಶ್ನೆಯೇ ದಡ್ಡತನದ್ದು ಎನ್ನಿಸಿ ಸುಮ್ಮನಾಗಿದ್ದೆ.

ಆ ಹೆಸರಿನ ಹಿಂದೆ ಇರುವುದು ಮುಸಲ್ಮಾನರ ಮಸೀದಿಯಲ್ಲ, ಯೆಹೂದಿಗಳ ಸಿನಗಾಗ್ ಎಂದು ಮುಂಬಯಿಯ ಹಳಬರು ಹೇಳುತ್ತಾರೆ. ಮಾಂಡವಿ ಪೇಟೆಯ ಸ್ಯಾಮ್ಯುಯೆಲ್ ಸ್ಟ್ರೀಟ್‌ನಲ್ಲಿ ಅದು ಈಗಲೂ ಇದೆ. ಹೆಸರು 'ಶಾರ್ ಹರಹಮೀಮ್', ಅಂದರೆ ಕರುಣೆಯ ಬಾಗಿಲು. 1796ರಲ್ಲಿ ಸ್ಥಾಪನೆಯಾದ ಇದು ಮುಂಬಯಿಯ ಮೊದಲ ಸಿನಗಾಗ್. ಆದರೆ ಓಣಿಯ ಮಂದಿಗೆ ಅದು ಬಹುಕಾಲ 'ಜೂನಿ ಮಸೀದ್', ಹಳೆಯ ಮಸೀದಿ. ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿರದಲ್ಲೇ ಇನ್ನೊಂದು ಸಿನಗಾಗ್ ಎದ್ದಾಗ ಅದು 'ನವೀ' ಆಯಿತು, ಇದು 'ಜೂನಿ' ಆಯಿತು. ಹೀಬ್ರೂ ಹೆಸರು ಬಂದದ್ದು ಆಮೇಲೆ.

ಕರ್ನಾಟಕದ ಯುದ್ಧಗಳ ಬಗ್ಗೆ ಓದುತ್ತಿದ್ದ ನನಗೆ ಈ ಕಟ್ಟಡ ಎದುರಾದದ್ದು ಬೇರೆ ದಾರಿಯಿಂದ. ಇದನ್ನು ಕಟ್ಟಿಸಿದವನು ಶ್ರೀರಂಗಪಟ್ಟಣದ ಸೆರೆಮನೆಯಿಂದ ಬದುಕಿ ಬಂದ ಒಬ್ಬ ಸೈನಿಕ. ಹೆಸರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಊರಿನವರ ಬಾಯಲ್ಲಿ ಸಾಮಾಜಿ ಹಸಾಜಿ ದಿವೇಕರ್.

ಕರ್ನಾಟಕದೊಳಗೆ ಹೆಸರಿಸಬಹುದಾದ ಹಳೆಯ ಸಿನಗಾಗ್ ಒಂದೂ ಇಲ್ಲ. ಆದರೂ ನಮ್ಮ ಚರಿತ್ರೆಯ ತುಂಡುಗಳನ್ನು ಎರಡು ಸಿನಗಾಗ್‌ಗಳು ಕಾಯ್ದಿಟ್ಟಿವೆ. ಒಂದು ಈಜಿಪ್ಟಿನ ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಕಾಗದಪತ್ರಗಳು ಅದರ ಉಗ್ರಾಣದಲ್ಲಿ ಸಿಕ್ಕವು. 1132ರಲ್ಲಿ ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರವೂ ಅವುಗಳಲ್ಲಿದೆ. ಅವನ ಆಳು ಬೊಮ್ಮನನ್ನು ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಓದಿದವರು ಬಲ್ಲರು. ಇನ್ನೊಂದು ಈ ಜೂನಿ ಮಸೀದಿ. ಮೊದಲನೆಯದರ ಬಗ್ಗೆ ಕನ್ನಡದಲ್ಲೂ ಮಾತು ನಡೆದಿದೆ. ಎರಡನೆಯದು ನಮ್ಮ ಮಂದಿ ದಿನಾ ಇಳಿದು ಹತ್ತುವ ನಿಲ್ದಾಣದ ಪಕ್ಕದಲ್ಲಿದ್ದೂ ಕಣ್ಣಿಗೆ ಬಿದ್ದಿಲ್ಲ.

ದಿವೇಕರನ ಸಮುದಾಯದ ಹೆಸರು ಬೆನೆ ಇಸ್ರೇಲ್, ಇಸ್ರೇಲನ ಮಕ್ಕಳು. ಕೊಂಕಣದ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ, ಅಲಿಬಾಗ್ ಸುತ್ತಮುತ್ತ, ಹಲವು ಶತಮಾನ ಬದುಕಿದವರು. ಮನೆಮಾತು ಮರಾಠಿ. ಊರ ಹೆಸರಿಗೆ 'ಕರ್' ಸೇರಿಸಿದರೆ ಅಡ್ಡಹೆಸರು: ದಿವೆ ಊರಿನವರು ದಿವೇಕರ್, ಕಿಹೀಮ್‌ನವರು ಕೆಹಿಮ್ಕರ್, ನಾಗಾಂವ್‌ನವರು ನಾಗಾಂವ್ಕರ್. ಕಸುಬು ಎಣ್ಣೆ ಗಾಣ. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಅಕ್ಕಪಕ್ಕದವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಸೋಮವಾರ ಬಿಡುವು ಮಾಡುವ ಗಾಣಿಗರು ಸೋಮವಾರ ತೇಲಿಗಳು. ನಮ್ಮ ಕಡೆ ಸೋಮವಾರ ಎತ್ತು ಹೂಡದ ರೈತರ ಮನೆಯಲ್ಲಿ ಬೆಳೆದ ನನಗೆ ಇದು ವಿಚಿತ್ರವೆನಿಸಲಿಲ್ಲ. ವಾರಕ್ಕೊಂದು ದಿನ ದೇವರಿಗೆ ಬಿಡುವುದು ಇಬ್ಬರಲ್ಲೂ ಇದೆ, ದಿನ ಮಾತ್ರ ಬೇರೆ.

ಹೊರಜಗತ್ತಿನ ಯೆಹೂದಿಗಳೊಡನೆ ಇವರ ಸಂಪರ್ಕ ಬಹುಕಾಲ ತಪ್ಪಿತ್ತು. ಗಂಡುಮಕ್ಕಳಿಗೆ ಎಂಟನೆಯ ದಿನ ಸುನ್ನತಿ, ಶನಿವಾರದ ವಿರಾಮ, ಕೆಲವು ಉಪವಾಸಗಳು, 'ಶೆಮಾ' ಎಂಬ ಪ್ರಾರ್ಥನೆಯ ಸಾಲು ಉಳಿದಿದ್ದವು. ಹೀಬ್ರೂ ಓದು ಹೋಗಿತ್ತು, ಗ್ರಂಥವಿರಲಿಲ್ಲ, ಸಿನಗಾಗ್ ಇರಲಿಲ್ಲ, ಪ್ರಾರ್ಥನೆ ಮನೆಗಳಲ್ಲೇ ನಡೆಯುತ್ತಿತ್ತು. ಮದುವೆ ಮುಂಜಿ ನಡೆಸಿಕೊಡುವವನನ್ನು 'ಕಾಜಿ' ಎನ್ನುತ್ತಿದ್ದರು, ಮುಖಂಡನನ್ನು 'ಮುಕಾದಮ'. ದಖ್ಖನ್ನಿನ ಮುಸ್ಲಿಂ ಆಳ್ವಿಕೆಗಳ ಈ ಮಾತುಗಳು ನಮ್ಮ ಹಳ್ಳಿಗಳಿಗೂ ಹೊಸವಲ್ಲ. ಹೀಗಿರುವಾಗ ವಿಗ್ರಹವಿಲ್ಲದ ಪ್ರಾರ್ಥನಾ ಮನೆಯೊಂದನ್ನು ಕಟ್ಟಿದರೆ ಅದನ್ನು 'ಮಸೀದ್' ಎನ್ನದೆ ಮತ್ತೇನೆನ್ನಬೇಕಿತ್ತು? ಕೈಗೆ ಹತ್ತಿರವಿದ್ದ ಪದ ಅದೇ.

ಅವರ ಇನ್ನೊಂದು ಆಚರಣೆ 'ಮಲಿದಾ'. ಹರಕೆ ತೀರಿದಾಗ, ಶುಭಕಾರ್ಯದ ಹೊತ್ತಿನಲ್ಲಿ, ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಅವಲಕ್ಕಿ, ಕಾಯಿತುರಿ, ಸಿಹಿ, ಹಣ್ಣು ತಟ್ಟೆಯಲ್ಲಿಟ್ಟು ಪ್ರಾರ್ಥಿಸಿ ಹಂಚುತ್ತಾರೆ. ಜಗತ್ತಿನ ಬೇರೆ ಯೆಹೂದಿಗಳಲ್ಲಿ ಇದಿಲ್ಲ. ನಮ್ಮಲ್ಲಿ ಮೊಹರಂಗೆ ಮಾಡುವ ಮಾಲ್ದಿ ನೆನಪಾದರೆ ತಪ್ಪೇನಿಲ್ಲ. ಪದಾರ್ಥ ಬೇರೆ, ಹೆಸರು ಒಂದೇ ಮೂಲದ್ದು.

ಹದಿನೆಂಟನೇ ಶತಮಾನದಲ್ಲಿ ಮುಂಬಯಿ ಬೆಳೆಯತೊಡಗಿದಾಗ ಬೆನೆ ಇಸ್ರೇಲರು ಗಾಣ ಬಿಟ್ಟು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆಗೆ ಸೇರಿದರು. ಸಣ್ಣ ಸಮುದಾಯವಾದರೂ ಅದರಿಂದ ಬಂದ ಸಿಪಾಯಿಗಳು, ಸುಬೇದಾರರು ಬಹಳ. ಮುಂಬಯಿ ಸೇನೆಗೆ ಸೇರುವುದೆಂದರೆ ಆ ಕಾಲಕ್ಕೆ ಒಂದಲ್ಲ ಒಂದು ದಿನ ಮೈಸೂರಿನ ಮೇಲೆ ಹೋಗುವುದೆಂದೇ ಅರ್ಥ.

ಹೈದರಲಿ 1782ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಟಿಪ್ಪು ಪೂರ್ವದಲ್ಲಿ ಸೈನ್ಯದ ಜೊತೆ ಇದ್ದ ಹೊತ್ತು ನೋಡಿ ಜನರಲ್ ರಿಚರ್ಡ್ ಮ್ಯಾಥ್ಯೂಸ್‌ನ ನಾಯಕತ್ವದಲ್ಲಿ ಮುಂಬಯಿ ಸೇನೆ ಕರಾವಳಿಯಲ್ಲಿ ಇಳಿಯಿತು. 1783ರ ಆರಂಭದಲ್ಲೇ ಹೊನ್ನಾವರ ಹಿಡಿದು, ಘಟ್ಟ ಹತ್ತಿ, ಬಿದನೂರನ್ನು ವಶಪಡಿಸಿಕೊಂಡಿತು. ಈಗ ಹೊಸನಗರ ತಾಲ್ಲೂಕಿನಲ್ಲಿ 'ನಗರ' ಎಂದು ಕರೆಯುವ ಊರು ಅದು. ಗೆಲುವು ಮೂರು ತಿಂಗಳು ಸಹ ಸರಿಯಾಗಿ ಬಾಳಲಿಲ್ಲ. ಟಿಪ್ಪು ದೊಡ್ಡ ಸೈನ್ಯದೊಡನೆ ಬಂದು ಮುತ್ತಿದ. ಏಪ್ರಿಲ್ ಕೊನೆಯ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ. ಗೋರರು, ಸಿಪಾಯಿಗಳು ಎಲ್ಲರೂ ಸೆರೆಯಾದರು. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಆಮೇಲೆ ಮಂಗಳೂರಿನ ದೀರ್ಘ ಮುತ್ತಿಗೆ, ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ.

ಈ ಎರಡನೇ ಮೈಸೂರು ಯುದ್ಧದಲ್ಲಿ ಸೆರೆ ಸಿಕ್ಕವರಲ್ಲಿ ದಿವೇಕರ್ ಒಬ್ಬ. ಅವನ ಸಮುದಾಯ ಹೇಳಿಕೊಂಡು ಬಂದ ಕಥೆ ಹೀಗಿದೆ. ಸೆರೆಯಾಳುಗಳನ್ನು ಟಿಪ್ಪುವಿನ ಎದುರು ತಂದು ನಿಲ್ಲಿಸಿದರು. ಸಾವು ಎದುರಿಗಿತ್ತು. ನಿಮ್ಮ ಜಾತಿ ಯಾವುದೆಂಬ ಪ್ರಶ್ನೆ ಬಂದಾಗ ದಿವೇಕರ್ ಮತ್ತು ಅವನ ಕಡೆಯವರು "ಬನೀ ಇಸ್ರಾಯಿಲ್" ಎಂದರು. ಟಿಪ್ಪುವಿನ ತಾಯಿ ಆ ಮಾತು ಕೇಳಿಸಿಕೊಂಡಳು. ಕುರಾನಿನಲ್ಲಿ ಮತ್ತೆಮತ್ತೆ ಬರುವ ಜನ ಇವರು, ಇಷ್ಟು ದಿನ ಕೇಳಿದ್ದೆ, ಕಂಡಿರಲಿಲ್ಲ, ಇವರ ಜೀವ ಉಳಿಸು ಎಂದು ಮಗನಿಗೆ ಹೇಳಿದಳು. ಮಗ ತಾಯಿಯ ಮಾತು ಮೀರಲಿಲ್ಲ. ಬದುಕಿ ಊರು ಸೇರಿದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ದಿವೇಕರ್ ಹರಕೆ ಹೊತ್ತಿದ್ದ. ಆ ಹರಕೆಯೇ ಮುಂಬಯಿಯ ಸಿನಗಾಗ್.

ಈ ಕಥೆಯನ್ನು ಬರಹಕ್ಕಿಳಿಸಿದವರಲ್ಲಿ ಮುಖ್ಯರು ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್. ಬೆನೆ ಇಸ್ರೇಲ್ ಸಮುದಾಯದವರೇ ಆದ ಅವರು ತಮ್ಮ ಜನರ ಚರಿತ್ರೆಯನ್ನು 1897ರಲ್ಲಿ ಬರೆದು ಮುಗಿಸಿದರು. ಪುಸ್ತಕ ಅಚ್ಚಾದದ್ದು 1937ರಲ್ಲಿ, ಅದೂ ಟೆಲ್ ಅವೀವ್‌ನಲ್ಲಿ. ಅಂದರೆ ಘಟನೆಗೂ ಬರಹಕ್ಕೂ ನಡುವೆ ನೂರಕ್ಕೂ ಹೆಚ್ಚು ವರ್ಷ. ದಿವೇಕರ್ ಸೈನಿಕನಾಗಿದ್ದ, ಸೆರೆಯಾದ, ಬದುಕಿ ಬಂದ, 1796ರಲ್ಲಿ ಸಿನಗಾಗ್ ಸ್ಥಾಪಿಸಿದ ಎಂಬುದರ ಬಗ್ಗೆ ತಕರಾರಿಲ್ಲ. ತಾಯಿಯ ಮಾತು ಮಾತ್ರ ಅಜ್ಜ ಮೊಮ್ಮಗನಿಗೆ ಹೇಳಿದ ದಾರಿಯಲ್ಲಿ ಬಂದದ್ದು. ಇಷ್ಟು ಹೇಳಿ 'ದಂತಕಥೆ' ಎಂಬ ಚೀಟಿ ಅಂಟಿಸಿ ಮುಂದೆ ಹೋಗುವುದು ಸಂಶೋಧಕರ ರೂಢಿ. ನನಗೆ ಅಷ್ಟು ಬೇಗ ಮುಂದೆ ಹೋಗಲಾಗಲಿಲ್ಲ.

ಕಥೆ ನಿಂತಿರುವುದು ಒಂದು ಹೆಸರಿನ ಮೇಲೆ. ಅವರು 'ಯಹೂದಿ' ಎಂದಿದ್ದರೆ? ಮುಸ್ಲಿಂ ಆಳ್ವಿಕೆಯ ನೆಲದಲ್ಲಿ ಆ ಪದಕ್ಕಿಂತ 'ಬನೀ ಇಸ್ರಾಯಿಲ್' ಎನ್ನುವುದೇ ಸಲೀಸಾಗಿತ್ತು, ಅದಕ್ಕೇ ಹಿರಿಯರು ಆ ಹೆಸರನ್ನು ಉಳಿಸಿಕೊಂಡರು ಎಂಬ ವಿವರಣೆ ಸಮುದಾಯದೊಳಗೇ ಇದೆ. ಕುರಾನಿನ ಹದಿನೇಳನೆಯ ಅಧ್ಯಾಯಕ್ಕೆ ನಮ್ಮ ಉಪಖಂಡದ ಪ್ರತಿಗಳಲ್ಲಿ ಸಾಮಾನ್ಯವಾಗಿ ಇರುವ ಹೆಸರು 'ಬನೀ ಇಸ್ರಾಯಿಲ್' ಎಂದೇ. ಅರಮನೆಯ ಹೆಂಗಸೊಬ್ಬಳಿಗೆ ಆ ಹೆಸರು ಗೊತ್ತಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಪಾರಾಯಣದಲ್ಲಿ ದಿನಾ ಕೇಳುವ ಹೆಸರಿನ ಜನ ಅಂಗಳದಲ್ಲಿ ಬೇಡಿ ತೊಟ್ಟು ನಿಂತಿದ್ದಾರೆಂದರೆ ಯಾರಿಗಾದರೂ ಬೆರಗಾಗುವಂಥದ್ದೇ. ನಡೆದಿರಲಿ ಬಿಡಲಿ, ನಡೆಯಬಹುದಾದ ಘಟನೆ ಇದು. ಹಾಗೆಯೇ, ತಮ್ಮ ಹೆಸರು ತಮ್ಮನ್ನು ಉಳಿಸಿತೆಂದು ಹೇಳಿಕೊಳ್ಳುವ ಅಗತ್ಯ ಒಂದು ಪುಟ್ಟ ಸಮುದಾಯಕ್ಕೆ ಎಷ್ಟಿರಬಹುದೆಂದೂ ಊಹಿಸಬಹುದು. ಒಪ್ಪಂದದ ಪ್ರಕಾರ 1784ರಲ್ಲಿ ಸೆರೆಯಾಳುಗಳ ಬಿಡುಗಡೆ ಹೇಗೂ ಆಗಬೇಕಿತ್ತು. ಕಾಗದದ ಕಲಮು ಬಿಡಿಸಿತು ಎನ್ನುವುದಕ್ಕಿಂತ ತಾಯಿಯೊಬ್ಬಳು ಉಳಿಸಿದಳು ಎನ್ನುವುದು ಮೊಮ್ಮಕ್ಕಳಿಗೆ ಹೇಳಲು ತಕ್ಕ ಮಾತು.

ಇಲ್ಲಿ ಇನ್ನೊಂದು ವಿಷಯವನ್ನು ಹೇಳಲೇಬೇಕು. ಶ್ರೀರಂಗಪಟ್ಟಣದ ಸೆರೆಯ ಬಗ್ಗೆ ಓದಲು ಹೊರಟರೆ ಸಿಗುವುದೆಲ್ಲ ಇಂಗ್ಲಿಷರ ಅನುಭವ. ಜೇಮ್ಸ್ ಬ್ರಿಸ್ಟೋ, ಜೇಮ್ಸ್ ಸ್ಕರಿ ಮೊದಲಾದವರ ಸೆರೆವಾಸದ ಕಥನಗಳು ಲಂಡನ್ನಿನಲ್ಲಿ ಅಚ್ಚಾದವು, ಜನ ಮುಗಿಬಿದ್ದು ಓದಿದರು. ಬಲವಂತದ ಸುನ್ನತಿ, ಮತಾಂತರ, ಹಸಿವು, ಬೇಡಿ. ಟಿಪ್ಪುವಿನ ವಿರುದ್ಧದ ಪ್ರಚಾರಕ್ಕೆ ಇಂಥ ಕಥನಗಳೂ ಮದ್ದುಗುಂಡಾದವು. ಇವತ್ತು ಶ್ರೀರಂಗಪಟ್ಟಣಕ್ಕೆ ಹೋದರೆ ಪ್ರವಾಸಿಗರಿಗೆ ತೋರಿಸುವ ಸೆರೆಮನೆಗೂ ಇಂಗ್ಲಿಷ್ ಅಧಿಕಾರಿಯ ಹೆಸರೇ: ಕರ್ನಲ್ ಬೇಲಿ ಡಂಜನ್. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸೆರೆಯಾಗಿ 1782ರಲ್ಲಿ ಸತ್ತ ವಿಲಿಯಂ ಬೇಲಿ. ಆದರೆ ಕಂಪನಿಯ ಸೈನ್ಯದಲ್ಲಿ ಗೋರರಿಗಿಂತ ನಮ್ಮವರೇ ಹೆಚ್ಚು. ಸೋತಾಗ ಸೆರೆಯಾದವರಲ್ಲೂ ಅವರೇ ಹೆಚ್ಚು. ಅವರಿಗೆ ಪ್ರಕಾಶಕರಿರಲಿಲ್ಲ. ಬದುಕಿ ಬಂದವರು ಹೊಲಕ್ಕೋ ಮತ್ತೆ ಪಲಟನ್ನಿಗೋ ಹೋದರು. ಅವರ ನಡುವೆ ಒಬ್ಬ ತನ್ನ ಸೆರೆವಾಸವನ್ನು ಇಟ್ಟಿಗೆ ಗಾರೆಯಲ್ಲಿ ಬರೆದಿಟ್ಟ. ನಾನು ಜೂನಿ ಮಸೀದಿಯನ್ನು ಹಾಗೆ ಓದುತ್ತೇನೆ.

ಅದನ್ನು ಓದುವಾಗ ಎಚ್ಚರವೂ ಬೇಕು. ನಮ್ಮ ರಾಜ್ಯದಲ್ಲಿ ಟಿಪ್ಪು ಎಂದರೆ ವರ್ಷಕ್ಕೊಮ್ಮೆ ಏಳುವ ಜಗಳ. ಒಬ್ಬರು ಶೃಂಗೇರಿಗೆ ಬರೆದ ಪತ್ರ ಎತ್ತುತ್ತಾರೆ, ಇನ್ನೊಬ್ಬರು ಕೊಡಗನ್ನೋ ಮಂಗಳೂರನ್ನೋ ಎತ್ತುತ್ತಾರೆ. ದಿವೇಕರನ ಕಥೆಯನ್ನು ಮೊದಲ ಪಟ್ಟಿಗೆ ಸೇರಿಸಿಬಿಡುವ ಆಸೆ ನನಗೂ ಒಮ್ಮೆ ಹುಟ್ಟಿತ್ತು. ಒಂದು ವಿಚಾರಗೋಷ್ಠಿಗೆ ಹಾಗೇ ಬರೆದೂ ಇದ್ದೆ. ಓದಿ ಮುಗಿಸಿದ ಮೇಲೆ ಮಂಗಳೂರಿನ ಗೆಳೆಯನೊಬ್ಬ, ಕ್ಯಾಥೊಲಿಕ್ ಮನೆಯವನು, ಒಂದೇ ಮಾತು ಕೇಳಿದ: "ಅದೇ ವರ್ಷ ನಮ್ಮವರನ್ನೂ ಅಲ್ಲಿಗೇ ಕರಕೊಂಡು ಹೋಗಿದ್ದು. ಆಗ ಆ ತಾಯಿ ಎಲ್ಲಿದ್ದಳು ಮಾರಾಯ?"

ಅವನ ಲೆಕ್ಕ ಸರಿ. 1784ರ ಫೆಬ್ರವರಿ 24, ಕ್ರೈಸ್ತರಿಗೆ ವಿಭೂತಿ ಬುಧವಾರ ಹತ್ತಿರವಿದ್ದ ದಿನಗಳು. ಕರಾವಳಿಯ ಕೊಂಕಣಿ ಮಾತಿನ ಕ್ಯಾಥೊಲಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಅವರ ಮೇಲಿತ್ತು. ಚರ್ಚುಗಳನ್ನು ಕೆಡವಲಾಯಿತು, ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು, ಉಳಿದವರು ಊರು ಕಂಡದ್ದು 1799ರಲ್ಲಿ ಟಿಪ್ಪು ಬಿದ್ದ ಮೇಲೆ. ಅಂದರೆ ದಿವೇಕರ್ ಸೆರೆಯಿಂದ ಹೊರಬರುವ ಕಾಲಕ್ಕೆ ಅದೇ ಕೋಟೆಯೊಳಕ್ಕೆ ಮಂಗಳೂರಿನವರು ನಡೆದು ಬರುತ್ತಿದ್ದರು. ದಿವೇಕರ್ ಹರಕೆ ತೀರಿಸಿ ಸಿನಗಾಗ್ ಬಾಗಿಲು ತೆರೆದ 1796ರಲ್ಲಿ ಅವರಿನ್ನೂ ಸೆರೆಯಲ್ಲೇ ಇದ್ದರು. ಒಂದು ಸಮುದಾಯ ಆ ಊರನ್ನು ತಾಯಿಯ ಕರುಣೆಯಿಂದ ನೆನೆಯುತ್ತದೆ, ಇನ್ನೊಂದು ಹದಿನೈದು ವರ್ಷದ ಸೆರೆಯಿಂದ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಆ ಪ್ರಬಂಧವನ್ನು ನಾನು ಪ್ರಕಟಣೆಗೆ ಕೊಡಲಿಲ್ಲ.

ದಿವೇಕರನ ಮುಂದಿನ ಬದುಕು ಚಿಕ್ಕದು. ಕಟ್ಟಡ ಎದ್ದಿತು, ಓದಲು ಗ್ರಂಥ ಬೇಕಿತ್ತು. ಸಿನಗಾಗ್ ಎಂದರೆ ಚರ್ಮದ ಸುರುಳಿಯ ಮೇಲೆ ಕೈಯಲ್ಲಿ ಬರೆದ ತೋರಾ ಇರಬೇಕು. ಜೆರುಸಲೇಮಿನ ದಿಕ್ಕಿನ ಗೋಡೆಯ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಸಬ್ಬತ್ತಿನ ದಿನ ಹೊರತೆಗೆದು ಓದಬೇಕು. ಕೊಂಕಣದಲ್ಲಿ ಅದು ಸಿಗುವಂತಿರಲಿಲ್ಲ. ಅದು ಸಿಗುವ ಹತ್ತಿರದ ಊರು ಕೊಚ್ಚಿ. ಅಲ್ಲಿ ಯೆಹೂದಿಗಳ ಹಳೆಯ ನೆಲೆ, ಪಾಂಡಿತ್ಯ, ಸಿನಗಾಗ್‌ಗಳು ಇದ್ದವು. ತೋರಾ ತರಲೆಂದು ಹೋದ ದಿವೇಕರ್ 1797ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ. ಕಟ್ಟಿಸಿದ ಮನೆಯಲ್ಲಿ ಒಂದೇ ಒಂದು ವರ್ಷ ಪ್ರಾರ್ಥಿಸಿದ ಹಾಗಾಯಿತು. ಮುಂದಿನ ದಶಕಗಳಲ್ಲಿ ಕೊಚ್ಚಿಯಿಂದ ಬಂದ ಗುರುಗಳೇ ಮುಂಬಯಿಯ ಬೆನೆ ಇಸ್ರೇಲರಿಗೆ ಹೀಬ್ರೂ ಪ್ರಾರ್ಥನೆಗಳನ್ನು ಕಲಿಸಿದರು. ಸಿನಗಾಗ್ 1860ರಲ್ಲಿ ಈಗಿರುವ ಜಾಗಕ್ಕೆ ಬಂತು. ಸುತ್ತಲಿನ ಓಣಿಗೆ ಇಸ್ರೇಲ್ ಮೊಹಲ್ಲಾ ಎಂಬ ಹೆಸರು ನಿಂತಿತು.

ಆ ಮೊಹಲ್ಲಾದ ಮನೆಗಳಲ್ಲಿ ಈಗ ಬೆನೆ ಇಸ್ರೇಲರು ಕಡಿಮೆ. 1948ರ ನಂತರ ಬಹುಪಾಲು ಮಂದಿ ಇಸ್ರೇಲಿಗೆ ಹೋದರು. ಇಡೀ ಭಾರತದಲ್ಲಿ ಉಳಿದ ಯೆಹೂದಿಗಳು ಐದು ಸಾವಿರಕ್ಕೂ ಕಡಿಮೆ. ಹೋದವರಿಗೆ ಅಲ್ಲಿ ಹಳೆಯ ಪ್ರಶ್ನೆಯೇ ಕಾದಿತ್ತು: ನೀವು ಯಾರು? 1960ರ ದಶಕದ ಆರಂಭದಲ್ಲಿ ಅಲ್ಲಿನ ಧರ್ಮಗುರುಗಳ ಪೀಠ ಬೆನೆ ಇಸ್ರೇಲರ ಮದುವೆಗಳನ್ನು ನೋಂದಾಯಿಸುವ ಮೊದಲು ಅವರ ವಂಶ ವಿಚಾರಿಸಬೇಕೆಂದಿತು. ಅವರು ಧರಣಿ ಕೂತು, 1964ರಲ್ಲಿ ಎಲ್ಲ ವಿಷಯದಲ್ಲೂ ಪೂರ್ಣ ಯೆಹೂದಿಗಳೆಂದು ಹೇಳಿಸಿಕೊಂಡರು. ಅನ್ಯಧರ್ಮದ ಅರಮನೆಯಲ್ಲಿ ಒಂದೇ ಮಾತಿಗೆ ಒಪ್ಪಿತವಾದ ಹೆಸರು ಸ್ವಧರ್ಮದ ಕಚೇರಿಯಲ್ಲಿ ವರ್ಷಗಟ್ಟಲೆ ಕಾಯಬೇಕಾಯಿತು. ಸಮುದಾಯದ ಹಿರಿಯರು ದಿವೇಕರನ ಕಥೆಯನ್ನು ಯಾಕೆ ಅಷ್ಟು ಪ್ರೀತಿಯಿಂದ ಹೇಳುತ್ತಾರೆಂಬುದು ಇದನ್ನು ಓದಿದ ಮೇಲೆ ನನಗೆ ತಿಳಿಯಿತು.

ಮೈಸೂರು ಸೀಮೆಯೊಡನೆ ಅವರ ನಂಟು ಸೆರೆಯಲ್ಲಿ ಮುಗಿಯಲಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಒಂದು ಸಣ್ಣ ಯೆಹೂದಿ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸರ್ಕಾರ ಕೊಟ್ಟ ಜಾಗ. ಸುಬೇದಾರ್ ಸ್ಯಾಮ್ಯುಯೆಲ್ ನಾಗಾಂವ್ಕರ್ ಹೆಸರು ಅದರ ಆರಂಭದೊಡನೆ ಸೇರಿದೆ. ಅಡ್ಡಹೆಸರು ನೋಡಿದರೆ ಊರು ತಿಳಿಯುತ್ತದೆ: ಅಲಿಬಾಗಿನ ಹತ್ತಿರದ ನಾಗಾಂವ್. ದಿವೇಕರನ ಜಾತಿಬಾಂಧವ, ಅವನ ಹಾಗೇ ಸೈನಿಕ. ಒಬ್ಬ ಸೆರೆಯಾಗಿ ಬಂದು ಹೋದ ನಾಡಿನಲ್ಲಿ ಇನ್ನೊಬ್ಬನಿಗೆ ಆರಡಿ ಮೂರಡಿ ಸ್ವಂತ ನೆಲ ಸಿಕ್ಕಿತು.

ಹೋದ ವರ್ಷ ಊರಿಗೆ ಹೋದಾಗ ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಅವರಿಗೀಗ ಎಪ್ಪತ್ತು ದಾಟಿದೆ, ಬೆನ್ನು ಬಾಗಿದೆ. ಕೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಿಪಾಯಿಯ ಬಗ್ಗೆ, ಟಿಪ್ಪುವಿನ ಬಗ್ಗೆ ಏನೂ ಕೇಳಲಿಲ್ಲ. "ಆ ತಾಯಿ ಹೆಸರೇನು?" ಎಂದರು. ಫಾತಿಮಾ ಫಕ್ರುನ್ನಿಸಾ ಎಂದೆ. "ಕಟ್ಟಿಸಿದಾಂವನ ಹೆಸರು ಓಣಿಗೆ ಬಂತು. ಆಕಿ ಹೆಸರು ಎಲ್ಲೆರ ಇಟ್ಟಾರೇನು?"

ಶ್ರೀರಂಗಪಟ್ಟಣದ ಗುಂಬಜ್‌ಗೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಹೋಗಿದ್ದೆ. ಈ ಬಾರಿ ಮತ್ತೆ ಹೋದೆ. ಒಳಗೆ ಮೂರು ಗೋರಿಗಳು. ನಮ್ಮ ಮುಂದಿದ್ದ ಗುಂಪಿನ ಗೈಡ್ ಹೈದರಲಿಯ ಗೋರಿ ತೋರಿಸಿದ, ಟಿಪ್ಪುವಿನ ಗೋರಿ ತೋರಿಸಿ ಹುಲಿಪಟ್ಟೆಯ ಬಟ್ಟೆಯ ಬಗ್ಗೆ ಹೇಳಿದ. ಮೂರನೆಯದಕ್ಕೆ ಕೈ ಮಾಡಿ, "ಇದು ಅವರ ತಾಯೀದು" ಎಂದು ಹೊರಗೆ ನಡೆದ. ಗುಂಪು ಅವನ ಹಿಂದೆ ಹೋಯಿತು. ನಾನು ಆ ಗೋರಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಬಿಟ್ಟಿದ್ದ ಕಡೆ ಬಂದು ಕಾಕಾನಿಗೆ ಫೋನ್ ಮಾಡಿದೆ.